ನಾನು ನೋಡದ ಬಣವೆ

1984ನೇ ಇಸವಿ ಮೇ 20, ಭಾನುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕುಳಿತಿದ್ದೇನೆ. ಬೆಟಗೇರಿಯ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಮಗ್ಗಗಳು ಆಗಲೇ ಶುರುವಾಗಿವೆ. ಇದೇ ವಿಷಯವನ್ನು ಬರೆಯಲು ಈ ಹಿಂದೆ ನಾಲ್ಕು ಸಲ ಕುಳಿತು, ನಾಲ್ಕು ಸಲವೂ ಅರ್ಧ ಪುಟಕ್ಕೆ ಎದ್ದಿದ್ದೇನೆ.

ಹದಿನೆಂಟನೆಯ ವಯಸ್ಸಿನಿಂದ ಡೈರಿ ಬರೆಯುತ್ತಿದ್ದೇನೆ. ಎದ್ದ ಹೊತ್ತು, ಕಚೇರಿ ಮುಟ್ಟಿದ ಹೊತ್ತು, ಬಂದ ಪತ್ರ, ಕಳಿಸಿದ ಪತ್ರ, ಲಕ್ಷ್ಮೇಶ್ವರದ ಬಸ್ಸಿಗೆ ಕಾದ ನಿಮಿಷ, ಕುಡಿದ ಚಹಾ, ಎಲ್ಲವೂ ಅದರಲ್ಲಿದೆ. ಸ್ನೇಹಿತರು ನಗುತ್ತಾರೆ. ಆದರೂ ಯಾವುದಾದರೂ ತಾರೀಖು ಬೇಕಾದರೆ ನನ್ನ ಹತ್ತಿರವೇ ಬರುತ್ತಾರೆ. ಇಷ್ಟು ಲೆಕ್ಕ ಇಡುವವನು ಸುಳ್ಳು ಹೇಳಲಾರನೆಂದು ಅವರು ನಂಬಿದ್ದಾರೆ. ನಾನೂ ಬಹಳ ದಿನ ಹಾಗೆಯೇ ನಂಬಿದ್ದೆ.

1978ರ ಜೂನ್‌ನಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ನನಗೆ ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿತು. ಯಾವ ಊರು ಎಂದು ಬರೆಯುವುದಿಲ್ಲ. ಶಿರಹಟ್ಟಿ, ಮುಂಡರಗಿ, ಗದಗ ಎಂದು ಆಮೇಲೆ ಓಡಾಡಿದ್ದೇನೆ, ಅಲ್ಲೆಲ್ಲ ನನ್ನ ಜೊತೆಯವರು ಇನ್ನೂ ಕೆಲಸದಲ್ಲಿದ್ದಾರೆ. ನನ್ನ ತಪ್ಪಿನ ಕಥೆಗೆ ಅವರ ಊರಿನ ಹೆಸರು ಬೇಡ.

ನಮ್ಮ ಕಚೇರಿಯ ಎದುರಿಗೆ ಪೊಲೀಸ್ ಠಾಣೆ. ಪೊಲೀಸರು ಕಳವಿನ ಮಾಲು ಹಿಡಿದಾಗ, ಜಾಗ ತಪಾಸಣೆ ಮಾಡಿದಾಗ, ಇಬ್ಬರು ಹೊರಗಿನವರು ಜೊತೆಗಿದ್ದು ಕಣ್ಣಾರೆ ಕಂಡು ಸಹಿ ಹಾಕಬೇಕು. ಅವರಿಗೆ ಪಂಚರು ಎನ್ನುತ್ತಾರೆ, ಆ ಕಾಗದಕ್ಕೆ ಪಂಚನಾಮೆ. ಊರವರು ಈ ಕೆಲಸಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಒಪ್ಪಿದರೂ ಕೋರ್ಟಿನಲ್ಲಿ ನಿಂತಾಗ ನಮಗೇನೂ ಗೊತ್ತಿಲ್ಲ ಎಂದುಬಿಡುತ್ತಾರೆ. ಸರಕಾರಿ ನೌಕರ ಹಾಗೆ ತಿರುಗಿ ಬೀಳುವುದಿಲ್ಲ. ಆದ್ದರಿಂದ ಠಾಣೆಯವರಿಗೆ ನಮ್ಮಂಥ ಗುಮಾಸ್ತರು ಬೇಕು. ಠಾಣೆಯ ಬರವಣಿಗೆ ನೋಡಿಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್‌ಗೆ ಎಲ್ಲರೂ ರೈಟರ್ ಎನ್ನುತ್ತಿದ್ದರು. ಐವತ್ತು ದಾಟಿದ, ಮಾತುಗಾರ ಮನುಷ್ಯ. ಸಂಜೆ ಕಚೇರಿ ಬಿಟ್ಟು ಹೊರಟರೆ ಠಾಣೆಯ ಕಟ್ಟೆಯ ಮೇಲಿಂದಲೇ ಕರೆಯುತ್ತಿದ್ದರು.

ಮೊದಮೊದಲು ನಾನು ಜಾಗಕ್ಕೆ ಹೋಗುತ್ತಿದ್ದೆ. ಜೀಪಿನಲ್ಲಿ ಕೂತು ಹೋಗಿ, ನೋಡಿ, ಸಹಿ ಹಾಕಿ ಬರುತ್ತಿದ್ದೆ. ಆಮೇಲೆ ಒಂದು ದಿನ ಹೋಗಲಾಗಲಿಲ್ಲ, ಮರುದಿನ ಕಾಗದ ಓದಿ ಸಹಿ ಹಾಕಿದೆ. ಅದು ಕಚೇರಿಯ ಒಂದು ನಕಲಿಗೆ ದೃಢೀಕರಣದ ಸಹಿ ಹಾಕಿದಷ್ಟೇ ಸಲೀಸಾಗಿ ಮುಗಿಯಿತು. ಡೈರಿಯಲ್ಲಿ ಇದಕ್ಕೂ ಗುರುತು ಮಾಡಿಕೊಂಡೆ: ಹೋಗಿ ನೋಡಿದ್ದಕ್ಕೆ ಗೀಟು, ಹೋಗದೆ ಸಹಿ ಹಾಕಿದ್ದಕ್ಕೆ ಸೊನ್ನೆ. 1980ರ ಫೆಬ್ರುವರಿ ಕೊನೆಗೆ ಗೀಟು ಐದು, ಸೊನ್ನೆ ಒಂಬತ್ತು. ಒಂಬತ್ತನೆಯ ಸೊನ್ನೆಯ ವಿಷಯ ಇಲ್ಲಿ ಹೇಳಬೇಕಾಗಿದೆ.

ಫೆಬ್ರುವರಿ 19, ಮಂಗಳವಾರ. ಸಂಜೆ ಐದು ನಲವತ್ತಕ್ಕೆ ರೈಟರ್ ಕರೆದರು.

"ಬರ್ರಿ ರಾಯರ, ಕುಂಡ್ರಿ. ಚಾ ಹೇಳೀನಿ. ಒಂದ ಸಹಿ ಐತಿ, ನಿಮ್ಮ ಮುತ್ತಿನಂಥಾ ಸಹಿ."

ಕಾಗದ ಓದಿದೆ. ನದಿ ದಂಡೆಯ ತೋಟವೊಂದರಲ್ಲಿ, ನೀರೆತ್ತುವ ಪೈಪಿನ ಬಾಯಿಗೆ ಕೂರಿಸುವ ಹಿತ್ತಾಳೆಯ ವಾಲ್ವು ಕಳುವಾಗಿತ್ತು. ತೋಟದ ಎಂಜಿನ್ ನಡೆಸುವ ಆಳಿನ ಮೇಲೆ ಮಾಲೀಕರು ದೂರು ಕೊಟ್ಟಿದ್ದರು. ಆರೋಪಿಯು ಆ ದಿನ ಮಧ್ಯಾಹ್ನ ಮೂರರಿಂದ ನಾಲ್ಕೂಕಾಲರ ಒಳಗೆ, ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಪೊಲೀಸರನ್ನೂ ಪಂಚರನ್ನೂ ತನ್ನ ಹಿಂದೆ ಕರೆದುಕೊಂಡು ಹೋಗಿ, ಹೊಲದ ಬಣವೆಯ ಪೂರ್ವ ಬದಿಯಲ್ಲಿ, ನೆಲದಿಂದ ಎರಡು ಅಡಿ ಎತ್ತರದಲ್ಲಿ, ಒಳಗೆ ಬಚ್ಚಿಟ್ಟಿದ್ದ ವಾಲ್ವನ್ನು ತೆಗೆದುಕೊಟ್ಟನೆಂದು ಬರೆದಿತ್ತು. ಇನ್ನೊಬ್ಬ ಪಂಚನ ಸಹಿ ಆಗಲೇ ಬಿದ್ದಿತ್ತು. ಅವನು ಮಾಲೀಕರ ಅಣ್ಣನ ಮಗ.

ಅದನ್ನು ಓದುತ್ತಿದ್ದಾಗ ಆರೋಪಿ ಅಲ್ಲೇ ಇದ್ದ. ನನ್ನಿಂದ ನಾಲ್ಕು ಹೆಜ್ಜೆ ದೂರ, ಗೋಡೆಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತಿದ್ದ. ಎರಡೂ ಕೈ ಮೊಣಕಾಲಿನ ಮೇಲಿಟ್ಟಿದ್ದ. ಅಂಗೈ ಬಾತಿದ್ದವು.

"ರಾಯರ, ಪಂಚರು ಅಂದ್ರ ನೀವ ಏನ್ರಿ?" ಎಂದು ಕೇಳಿದ.

ನಾನು ಕಾಗದದ ಪುಟ ತಿರುವಿದೆ.

"ನಾ ಎಲ್ಲಿ ಹೋಗಿ ತೋರ್ಸೀನ್ರಿ? ಮುಂಜಾನಿಂದ ಇಲ್ಲೇ ಕುಂತೀನಿ. ಬೇಕಾದ್ರ ಚಾದಂಗಡ್ಯಾಂವನ್ನ ಕೇಳ್ರಿ, ಎರಡ ಸಲ ನನ್ನ ದಾಟಿ ಹೋಗ್ಯಾನ."

ರೈಟರ್ ಪೆನ್ನಿನ ಕ್ಯಾಪು ತೆಗೆಯುತ್ತ ಅವನ ಕಡೆ ತಿರುಗಿದರು. "ಲೇ, ನೀ ಕುಂತಿರು. ನಿನ್ನ ಕಾಲು ಹೋಗಿ ತೋರಿಸಿ ಬಂದಾವು."

ಒಳಗಿದ್ದ ಇಬ್ಬರು ಪೇದೆಗಳು ನಕ್ಕರು. ನಾನೂ ನಕ್ಕೆ. ಮಾತು ಹಾಗಿತ್ತು, ನಗು ಬಂತು. ಅದನ್ನು ಬರೆಯದೆ ಮುಂದೆ ಹೋಗಲಾರೆ.

ನಕ್ಕ ಮೇಲೆ ಸ್ವಲ್ಪ ಹಿಂಜರಿದೆ. ರೈಟರ್‌ಗೆ ಗೊತ್ತಾಯಿತು. "ಏನ್ರಿ, ಬ್ಯಾಡೇನು? ಬ್ಯಾಡಂದ್ರ ಬ್ಯಾಡ. ಜುಲುಮಿ ಇಲ್ಲ. ಸಾಲಿ ಮಾಸ್ತರು ಬರ್ತಾರ ಈಗ, ಅವರ ಕಡೆ ತಗೋತೀನಿ" ಎಂದರು. ಸಿಟ್ಟಿನಿಂದಲ್ಲ, ಖರೆಯಾಗಿಯೂ ಹಾಗೆ ಹೇಳಿದರು. ಮಾಸ್ತರರ ಅಕ್ಷರ ಕೆಟ್ಟದೆಂದು ನನಗೆ ಗೊತ್ತಿತ್ತು. ಚಹಾ ಬಂತು. ಸಹಿ ಹಾಕಿದೆ.

ಅಂದಿನ ಡೈರಿಯ ಪುಟ ಹೀಗಿದೆ: "ಮ. 3ರಿಂದ 5.30: ತಖ್ತೆ ತುಂಬಿದ್ದು, 41 ಸಾಲು. 5.40: ಠಾಣೆ, ಪಂಚನಾಮೆ, 0. ಚಹಾ 1."

ಒಂದು ವರ್ಷ ಏನೂ ಆಗಲಿಲ್ಲ. 1981ರ ಮಾರ್ಚ್ ಮೊದಲ ವಾರ ಕೋರ್ಟಿನ ಸಮನ್ಸ್ ಬಂತು. ಮಾರ್ಚ್ 12, ಗುರುವಾರ, ಗದಗಿನ ಕೋರ್ಟು, ಬೆಳಿಗ್ಗೆ ಹನ್ನೊಂದು ಗಂಟೆ. ಬರದಿದ್ದರೆ ವಾರಂಟು ಎಂದು ಅದರಲ್ಲೇ ಅಚ್ಚಾಗಿತ್ತು. ಹಿಂದಿನ ಸಂಜೆ ಹಳೆಯ ಡೈರಿ ತೆಗೆದು ಆ ಪುಟ ನೋಡಿದೆ. ಬಣವೆ ಎಂಥದು, ಎಷ್ಟು ದೊಡ್ಡದು, ಜೋಳದ ಕಣಿಕೆಯೋ ಹುಲ್ಲೋ, ನನಗೆ ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅಂದು ಕಚೇರಿಯಲ್ಲಿ ತುಂಬಿದ್ದ ಕೋಷ್ಟಕದ ನಲವತ್ತೊಂದು ಸಾಲು ಮಾತ್ರ. ಡೈರಿಯನ್ನು ಚೀಲದಲ್ಲಿ ಹಾಕಿಕೊಂಡೆ. ತೋರಿಸಬೇಕೆಂದೇ ಹಾಕಿಕೊಂಡೆ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ನಿಜವಾಗಿ ಯಾಕೆ ಹಾಕಿಕೊಂಡೆನೋ ತಿಳಿಯದು.

ಕೋರ್ಟಿನ ಪಡಸಾಲೆಯಲ್ಲಿ ರೈಟರ್ ಕಾದಿದ್ದರು. ಪಂಚನಾಮೆಯ ನಕಲು ಕೈಗೆ ಕೊಟ್ಟು, "ಒಮ್ಮಿ ಕಣ್ಣಾಡಿಸ್ರಿ. ಪೂರ್ವ ಬದಿ, ಎರಡ ಫೂಟು. ಅಷ್ಟು ಮರೀಬ್ಯಾಡ್ರಿ" ಎಂದರು. ಒಂದೇ ಸಲ ಓದಿ ಬಾಯಿಪಾಠ ಮಾಡಿಬಿಟ್ಟೆ. ನನ್ನ ನೆನಪಿನ ಶಕ್ತಿಯನ್ನು ಅವರು ಮೆಚ್ಚಿದರು. ನನಗೆ ಸಂತೋಷವಾಯಿತು.

ಕಟಕಟೆಯಲ್ಲಿ ದೇವರ ಮೇಲೆ ಪ್ರಮಾಣ ಮಾಡಿದೆ. ನಮ್ಮದು ಮೂರು ತಲೆಮಾರು ಗುಡಿಯ ಪೂಜೆ ಮಾಡಿದ ಮನೆತನ. ಪ್ರಮಾಣದ ಮಾತು ಸರಾಗವಾಗಿ ಬಾಯಿಗೆ ಬಂತು. ಸರಕಾರಿ ವಕೀಲರು ಕೇಳಿದ್ದಕ್ಕೆಲ್ಲ ಕಾಗದದಲ್ಲಿದ್ದಂತೆ ಹೇಳಿದೆ. ಆರೋಪಿ ನನ್ನ ಎದುರಿಗೆ ಕೈಮುಗಿದು ನಿಂತಿದ್ದ.

ಆಮೇಲೆ ಆರೋಪಿಯ ಕಡೆಯ ವಕೀಲರು ಎದ್ದರು. ಸಣ್ಣ ವಯಸ್ಸಿನವರು, ಕೋಟಿನ ತೋಳು ಸವೆದಿತ್ತು.

"ನೀವು ಸ್ಥಳಕ್ಕೆ ಹೋಗಿಯೇ ಇಲ್ಲ, ಠಾಣೆಯಲ್ಲಿ ಕುಳಿತು ಸಹಿ ಹಾಕಿದ್ದೀರಿ ಎಂದರೆ?"

"ಸರಿಯಲ್ಲ" ಎಂದೆ.

"ಅಂದು ಮಂಗಳವಾರ. ಮಧ್ಯಾಹ್ನ ಮೂರು ಗಂಟೆ. ನಿಮ್ಮ ಕಚೇರಿ ನಡೆಯುತ್ತಿತ್ತಲ್ಲವೇ?"

"ಹೌದು."

"ಕಚೇರಿ ಬಿಟ್ಟು ಹೋಗುವ ನೌಕರ ಹೊರಗೆ ಹೋದದ್ದನ್ನು ಪುಸ್ತಕದಲ್ಲಿ ಬರೆದು ಹೋಗಬೇಕು. ಬರೆದಿದ್ದೀರಾ?"

ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ರೈಟರ್ ಬಾಗಿಲ ಹತ್ತಿರ ನಿಂತಿದ್ದರು, ಅವರ ಮುಖ ಬಾಡಿತು. ವಕೀಲರಿಗೂ ಒಂದು ಎಳೆ ಸಿಕ್ಕಿತೆಂದು ಗೊತ್ತಾಯಿತು. ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತಿತ್ತು. ಇಲ್ಲ, ಬರೆದಿಲ್ಲ, ನಾನು ಕಚೇರಿಯಲ್ಲೇ ಇದ್ದೆ ಎಂದು ಹೇಳಿದ್ದರೆ ಆಗುತ್ತಿತ್ತು.

"ಪುಸ್ತಕದಲ್ಲಿ ಬರೆದಿಲ್ಲ. ಮೇಲಧಿಕಾರಿಗಳಿಂದ ಬಾಯಿಮಾತಿನಲ್ಲಿ ಅಪ್ಪಣೆ ಪಡೆದು ಹೋಗಿದ್ದೆ" ಎಂದೆ.

ಆ ಅಧಿಕಾರಿ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಅವರನ್ನು ಕರೆಸಿ ಕೇಳುವಂತಿರಲಿಲ್ಲ. ಉತ್ತರ ಕೊಡುವಾಗ ಅದು ನನಗೆ ನೆನಪಿತ್ತು. ನೆನಪಿದ್ದೇ ಅವರ ಹೆಸರು ಹೇಳಿದೆ.

ನ್ಯಾಯಾಧೀಶರು ತಲೆ ಎತ್ತಿ ನನ್ನನ್ನು ನೋಡಿದರು. "ನಿಮ್ಮ ಮೇಲೆ ಯಾರಾದರೂ ಒತ್ತಡ ತಂದಿದ್ದಾರೆಯೇ?" ಎಂದು ಕೇಳಿದರು. ಅವರು ಕೇಳಬೇಕಾಗಿರಲಿಲ್ಲ. ಧ್ವನಿ ಮೆತ್ತಗಿತ್ತು. ಬಾಗಿಲು ತೆರೆದಿಟ್ಟು ಕಾಯುವವರ ಹಾಗೆ ಪೆನ್ನು ಕೆಳಗಿಟ್ಟಿದ್ದರು.

"ಇಲ್ಲ" ಎಂದೆ.

ಒಟ್ಟು ಇಪ್ಪತ್ತಮೂರು ಪ್ರಶ್ನೆ. ಸಂಜೆ ಲೆಕ್ಕ ಹಾಕಿದೆ. ಖರೆ ಉತ್ತರ ಕೊಟ್ಟದ್ದು ಏಳಕ್ಕೆ: ಹೆಸರು, ತಂದೆಯ ಹೆಸರು, ವಯಸ್ಸು, ಉದ್ಯೋಗ, ಇದು ನಿಮ್ಮ ಸಹಿಯೇ, ಕಚೇರಿ ನಡೆಯುತ್ತಿತ್ತೇ, ಮತ್ತು ಒತ್ತಡವಿದೆಯೇ.

ಹೊರಗೆ ಬಂದಾಗ ಆರೋಪಿ ಪಡಸಾಲೆಯ ಕಂಬದ ಹತ್ತಿರ ನಿಂತಿದ್ದ. ಜಾಮೀನಿನ ಮೇಲಿದ್ದ, ಪೊಲೀಸರು ಜೊತೆಗಿರಲಿಲ್ಲ. ನಾನು ಬೇರೆ ಕಡೆ ನೋಡುತ್ತ ದಾಟಲು ಹೊರಟೆ.

"ರಾಯರ, ನಾ ನಿಮಗ ಏನ ಮಾಡಿದ್ದೆ?" ಎಂದ.

"ಎಲ್ಲಾ ಕಾಯದೆ ಪ್ರಕಾರ ಆಗ್ತದ. ನನ್ನ ಕೈಯಾಗ ಏನದ?" ಎಂದೆ.

"ಕೈಯಾಗ ಏನೈತಿ ಅಂತೀರಿ? ಸಹಿ ಮತ್ತ ಯಾರ ಕೈಲೆ ಮಾಡಿದ್ರಿ?"

ದನಿ ಏರಿಸಿರಲಿಲ್ಲ. ಕಾಣೆಯಾದ ಮೊಳೆಯನ್ನು ಎಲ್ಲಿಟ್ಟೆ ಎಂದು ಕೇಳುವ ಮೇಸ್ತ್ರಿಯ ಹಾಗೆ ಕೇಳಿದ. ನಾನು ಬಸ್‌ಸ್ಟ್ಯಾಂಡಿನ ಕಡೆ ನಡೆದೆ.

ಏಪ್ರಿಲ್ 27, ಸೋಮವಾರ, ತೀರ್ಪು ಬಂತು. ಒಂದು ವರ್ಷ ಸಜೆ. ಅರ್ಜಿ ಹಾಕಿ ತೀರ್ಪಿನ ನಕಲು ತರಿಸಿಕೊಂಡೆ. ಯಾಕೆ ಬೇಕೆಂದು ಯಾರೂ ಕೇಳಲಿಲ್ಲ. ಎರಡನೆಯ ಪಂಚ ದೂರುದಾರರ ಸಂಬಂಧಿಯಾದ್ದರಿಂದ ಅವನ ಮಾತನ್ನು ಕೋರ್ಟು ಬದಿಗಿಟ್ಟಿತ್ತು. ಆದರೆ ಮೊದಲನೆಯ ಪಂಚ ಸರಕಾರಿ ನೌಕರ, ಆರೋಪಿಯ ಪರಿಚಯವಿಲ್ಲದವನು, ಸುಳ್ಳು ಹೇಳಲು ಅವನಿಗೆ ಯಾವ ಕಾರಣವೂ ಇಲ್ಲ ಎಂದು ಬರೆದಿತ್ತು. ಆ ಸಾಲಿನ ಮೇಲೆಯೇ ಶಿಕ್ಷೆ ನಿಂತಿತ್ತು. ಸರಿಯಾಗಿಯೇ ಬರೆದಿದ್ದರು. ನನಗೆ ಕಾರಣವಿರಲಿಲ್ಲ.

ನಕಲನ್ನು ತಂದೆಯವರಿಗೆ ತೋರಿಸಿ ನಡೆದದ್ದನ್ನು ಹೇಳಿದೆ. ಮೂವತ್ತು ವರ್ಷ ಶಾಲೆ ಕಲಿಸಿ ನಿವೃತ್ತರಾದವರು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಸರಕಾರದ ಅನ್ನ ತಿಂತೀಯಪಾ. ಅವರು ಹೇಳಿಧಂಗ ಕೇಳಬೇಕಾಗ್ತದ. ನಿನಗ ಏನ್ ಮಾಡ್ಲಿಕ್ಕೆ ಬರ್ತಿತ್ತು?" ಎಂದರು.

ಅವರು ನನ್ನ ಮೇಲಿನ ಕರುಣೆಯಿಂದ ಹೇಳಿದ ಮಾತು ಅದು. ಎಂಟು ತಿಂಗಳು ನಾನು ಅದನ್ನೇ ಹಿಡಿದುಕೊಂಡು ನಿದ್ದೆ ಮಾಡಿದೆ. ಕಾಯದೆ ದೊಡ್ಡದು, ನಾನು ಸಣ್ಣವನು, ಅದು ಕರೆದರೆ ಹೋಗಬೇಕು, ಕೇಳಿದರೆ ಹೇಳಬೇಕು. ಆಮೇಲೆ ಒಂದು ದಿನ ನನ್ನ ಚಟದಂತೆ ಪುಟದ ನಡುವೆ ಗೆರೆ ಎಳೆದು ಬರೆಯತೊಡಗಿದೆ. ಕಾಯದೆ ಬಲವಂತವಾಗಿ ಮಾಡಿಸಿದ್ದು ಎಡಕ್ಕೆ, ನಾನಾಗಿ ಮಾಡಿದ್ದು ಬಲಕ್ಕೆ. ಎಡಕ್ಕೆ ಬಿದ್ದದ್ದು ಎರಡೇ: ಸಮನ್ಸಿಗೆ ಹೋದದ್ದು, ಕಟಕಟೆ ಹತ್ತಿ ಪ್ರಮಾಣ ಮಾಡಿದ್ದು. ಕಾಯದೆ ನನ್ನನ್ನು ಅಲ್ಲಿಯವರೆಗೆ ಎಳೆದುಕೊಂಡು ಹೋಗಿತ್ತು ನಿಜ. ಆದರೆ ಅದು ಎಳೆದದ್ದು ಖರೆ ಹೇಳೆಂದು. ಉಳಿದದ್ದೆಲ್ಲ ಬಲಕ್ಕೆ ಹೋಯಿತು. ರೈಟರನ್ನು ಎಡಕ್ಕೆ ಹಾಕಲು ನೋಡಿದೆ. ಬ್ಯಾಡಂದ್ರ ಬ್ಯಾಡ ಎಂದ ಮನುಷ್ಯನನ್ನು ಹೇಗೆ ಹಾಕಲಿ? ಇನ್ನು ಬಾಯಿಮಾತಿನ ಅಪ್ಪಣೆಯ ಉತ್ತರವನ್ನಂತೂ ಯಾವ ಕಡೆಯಿಂದ ನೋಡಿದರೂ ನಾನೇ ಹುಟ್ಟಿಸಿದ್ದೆ. ಯಾಕೆ? ಉತ್ತರ ಗೊತ್ತಿಲ್ಲದ ಹುಡುಗನ ಹಾಗೆ ಎಲ್ಲರೆದುರು ನಿಲ್ಲಲು ನನಗೆ ಆಗಲಿಲ್ಲ. ಅಷ್ಟೇ. ಅಷ್ಟಕ್ಕೆ ಒಬ್ಬನ ಒಂದು ವರ್ಷ ಹೋಯಿತು.

ಆತ ಕದ್ದಿದ್ದನೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಕದ್ದಿರಬಹುದು ಎಂದು ಸಮಾಧಾನ ಮಾಡಿಕೊಂಡ ದಿನಗಳಿವೆ. ಆದರೆ ಆತ ಏನನ್ನೂ ತೋರಿಸಲಿಲ್ಲ, ಎಲ್ಲಿಗೂ ಹೋಗಲಿಲ್ಲ. ಅದು ಮಾತ್ರ ನನಗೆ ಗೊತ್ತು.

1982ರ ನವೆಂಬರ್ 28, ಭಾನುವಾರ, ಆತನ ಊರಿಗೆ ಹೋದೆ. ಹಮ್ಮಿಗಿ ಕಡೆಯ ನದಿ ದಂಡೆಯ ಹಳ್ಳಿ. ಸಜೆ ಮುಗಿದು ಏಳು ತಿಂಗಳಾಗಿತ್ತು. ಎಲ್ಲವನ್ನೂ ಹೇಳಿಬಿಡುತ್ತೇನೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಮನೆ ತೋರಿಸಿದರು. ಆತನ ಹೆಂಡತಿ ಹೊರಗೆ ಶೇಂಗಾ ಒಣಹಾಕುತ್ತಿದ್ದಳು. ಪ್ಯಾಂಟು ತೊಟ್ಟ, ಚೀಲ ಹಿಡಿದ ನನ್ನನ್ನು ನೋಡಿದ್ದೇ ತಡ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದ್ದು ಬಂದಳು.

"ನಮ್ಮನಿಯವರ ಖಬರ ಏನರ ತಂದೀರೇನ್ರಿ ಯಪ್ಪಾ?"

ನನಗೆ ಅರ್ಥವಾಗಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ. ಅವಳ ಮುಖ ಇಳಿಯಿತು. ಆದರೂ ಕೂರಲು ಕಂಬಳಿ ಹಾಸಿದಳು, ತಂಬಿಗೆಯಲ್ಲಿ ನೀರು ಕೊಟ್ಟಳು. ಅವಳೇ ಹೇಳಿದಳು:

"ಹೊರಗ ಬಂದ ಮ್ಯಾಲೆ ಎರಡ ತಿಂಗಳ ಇದ್ರು ನೋಡ್ರಿ. ಎಂಜಿನ್ ಅಂದ್ರ ಜೀವ ಅವರಿಗೆ. ಸಪ್ಪಳ ಕೇಳಿ ಇಂಥಾದ್ದು ಕೆಟ್ಟೈತಿ ಅಂತಿದ್ರು. ಕಳ್ಳ ಅಂತ ಕೋರ್ಟ್ ಬರದ ಮ್ಯಾಲೆ ಯಾರ್ ಮುಟ್ಟಾಕ ಬಿಡ್ತಾರ್ರಿ? ಬಿತ್ತಿಗಿ ಟೈಮಿನ್ಯಾಗ ಒಂದಿನ ಕೆಲಸ ಹುಡಕ್ಕೊಂಡ ಬರ್ತೀನಂತ ಹೋದ್ರು. ಕಾಗದಿಲ್ಲ, ಪತ್ರಿಲ್ಲ." ನನ್ನ ಚೀಲದ ಕಡೆ ನೋಡಿ ಕೇಳಿದಳು, "ನೀವು ಯಾವ ಆಫೀಸ್ನವ್ರಿ?"

"ಸರ್ವೆ ಆಫೀಸು" ಎಂದೆ. ನನ್ನ ಆಫೀಸು ಅದಲ್ಲ.

ಯಾರೂ ಕಟಕಟೆಯಲ್ಲಿ ನಿಲ್ಲಿಸಿರಲಿಲ್ಲ. ರೈಟರ್ ಇರಲಿಲ್ಲ, ಕಾಗದವಿರಲಿಲ್ಲ, ಸಹಿ ಇರಲಿಲ್ಲ. ಒಬ್ಬ ಹೆಂಗಸು ನೀರು ಕೊಟ್ಟು ನೀವು ಯಾರು ಎಂದು ಕೇಳಿದ್ದಳು. ತಂಬಿಗೆ ಕೆಳಗಿಟ್ಟು, ಬಸ್ಸಿನ ನೆವ ಹೇಳಿ ಎದ್ದೆ. ಅವಳು ಒಂದು ಬೊಗಸೆ ಶೇಂಗಾ ತಂದು ಚೀಲಕ್ಕೆ ಸುರಿದಳು. ಬೇಡ ಎನ್ನಲೂ ಆಗಲಿಲ್ಲ. ಬಸ್ಸಿನಲ್ಲಿ ಪಕ್ಕದವರಿಗೆ ಕೊಟ್ಟುಬಿಟ್ಟೆ.

ಕಳೆದ ವರ್ಷ ಧೈರ್ಯ ಮಾಡಿ, ಆತನ ಪರ ನಿಂತಿದ್ದ ವಕೀಲರನ್ನೇ ಗದಗಿನಲ್ಲಿ ಹುಡುಕಿ ಹೋದೆ. ನನ್ನ ಮಾತು ಮುಗಿಯುವವರೆಗೆ ಅವರು ಒಂದೂ ಪ್ರಶ್ನೆ ಕೇಳಲಿಲ್ಲ. ಆಮೇಲೆ, "ಆ ದಿನ ನಿಮ್ಮ ಚೀಲದಾಗ ಡೈರಿ ಇತ್ತೇನ್ರಿ?" ಎಂದರು. ಹೌದೆಂದೆ. ಕಿಟಕಿಯ ಕಡೆ ತಿರುಗಿ ಕೂತರು. ಬೈದಿದ್ದರೆ ಹಗುರಾಗುತ್ತಿತ್ತು.

"ನೀವು ಒಬ್ಬರ ಹೋಗಿ ಸುಳ್ಳಸಾಕ್ಷಿ ಹೇಳೀನಿ ಅಂದ್ರ ನಿಮ್ಮ ಮ್ಯಾಲೆ ಕೇಸ್ ಆಗತೈತಿ, ನೌಕರಿ ಹೋಗತೈತಿ. ಅದು ನಿಮ್ಮ ಪ್ರಶ್ನೆ" ಎಂದರು ಕೊನೆಗೆ. "ಅವನ ಹೆಸರಿನ ಮ್ಯಾಲಿನ ಕಲೆ ತೆಗೀಬೇಕಂದ್ರ ಅಪೀಲು ಆಗಬೇಕು. ವಾಯಿದೆ ಮುಗದೈತಿ. ತಡಾ ಆದದ್ದಕ್ಕ ಕಾರಣ ತೋರಿಸಿ ಕೇಳಿ ನೋಡಬಹುದು, ನಿಮ್ಮ ಪ್ರಮಾಣಪತ್ರ, ಡೈರಿ ಎರಡೂ ಇದ್ರ. ಆದ್ರ ವಕಾಲತ್ತಿಗೆ ಸಹಿ ಮಾಡಾಂವ ಅವನು. ಅವನ್ನ ಕರಕೊಂಡ ಬರ್ರಿ."

ಒಬ್ಬನೇ ಹೋಗಿ ಹೇಳಬಹುದಿತ್ತು. ಹೋಗಿಲ್ಲ. ಆತ ಸಿಗಲಿ, ಆಗ ಹೇಳುತ್ತೇನೆ ಎಂದುಕೊಂಡು ಒಂದು ವರ್ಷ ದಾಟಿಸಿದ್ದೇನೆ. ಆತ ಸಿಗದಿರಲೆಂದು ಒಳಗೊಳಗೇ ಬಯಸಿದ್ದೇನೆಯೇ ಎಂದು ಕೇಳಿಕೊಂಡರೆ, ಕೆಲವು ದಿನ ಹೌದು ಎಂದೇ ಹೇಳಬೇಕು. ತಂದೆಯವರು ಈಗಲೂ ಬೇಡವೆನ್ನುತ್ತಾರೆ. ಮೊನ್ನೆ ಇದನ್ನು ಅಚ್ಚಿಗೆ ಕೊಡುತ್ತೇನೆಂದಾಗ ಎದ್ದು ಹೋದರು. ಆಮೇಲೆ ತಾವೇ ಕಾಗದದ ದಸ್ತು ತಂದು ಮೇಜಿನ ಮೇಲಿಟ್ಟರು.

ಈ ಬರಹ ಓದಿದ ಇಲಾಖೆಯವರು ನನ್ನನ್ನು ಕರೆಸಿದರೆ ಹೋಗುತ್ತೇನೆ. ಪ್ರಮಾಣಪತ್ರ ಬರೆದಿಟ್ಟಿದ್ದೇನೆ. ಇನ್ನು ಬೇಕಾಗಿರುವುದು ಆತನೊಬ್ಬನೇ.

ಹೆಸರು ಬರೆದರೆ ಕಳ್ಳನೆಂಬ ಕಲೆಯೂ ಜೊತೆಗೆ ಅಚ್ಚಾಗುತ್ತದೆ, ಅದಕ್ಕೆ ಗುರುತು ಮಾತ್ರ ಕೊಡುತ್ತೇನೆ: ಈಗ ಸುಮಾರು ಮೂವತ್ತೆಂಟು ವಯಸ್ಸು. ಕಪ್ಪು ಬಣ್ಣ, ತೆಳ್ಳನೆಯ ಮೈ. ಎಡಗೈ ಕಿರುಬೆರಳು ಎಂಜಿನ್ನಿನ ಪಟ್ಟೆಗೆ ಸಿಕ್ಕು ಅರ್ಧ ಹೋಗಿದೆ. 1982ರ ಬಿತ್ತಿಗೆಯ ಹೊತ್ತಿನಲ್ಲಿ ನದಿ ದಂಡೆಯ ಊರು ಬಿಟ್ಟವನು. ಡೋಣಿ ಕಡೆ ಕಂಡೆವೆಂದು ಒಬ್ಬರು, ಕುರ್ತಕೋಟಿಯ ಹೊಲವೊಂದರಲ್ಲಿ ಪಂಪು ರಿಪೇರಿ ಮಾಡುತ್ತಿದ್ದನೆಂದು ಇನ್ನೊಬ್ಬರು ಹೇಳಿದರು. ಎರಡೂ ಕಡೆ ಹೋಗಿ ಬಂದೆ, ಸಿಗಲಿಲ್ಲ. ನಿಮ್ಮ ಊರಿನಲ್ಲಿ, ನಿಮ್ಮ ಹೊಲದಲ್ಲಿ, ಅಂಥವನು ದುಡಿಯುತ್ತಿದ್ದರೆ ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಸಂಪಾದಕರು ನನಗೆ ಮುಟ್ಟಿಸುತ್ತಾರೆ. ಆತ ನನ್ನನ್ನು ನೋಡಲು ಒಪ್ಪದಿದ್ದರೆ ಒತ್ತಾಯ ಮಾಡಬೇಡಿ, ವಕೀಲರನ್ನೇ ಕಳಿಸುತ್ತೇನೆ. ಯಾವುದಕ್ಕೂ ಒಪ್ಪದಿದ್ದರೆ, ಮನೆಯಲ್ಲಿ ಕಾಯುತ್ತಿದ್ದಾರೆ ಎಂಬುದನ್ನಾದರೂ ಆತನಿಗೆ ಹೇಳಿರಿ.